ಮಾವನ ಹೆಸರಿನ ಮಗ

ಹಿರೇಗುತ್ತಿಯ ಉಪ್ಪುನೀರಿನ ಗಜನಿ ಗದ್ದೆಗಳ ದಂಡೆಯಲ್ಲಿದ್ದ ಆ ಗೌಡರ ಮನೆಯವರಿಗೆ ಸ್ವಂತದ್ದು ಅಂತ ಇದ್ದದ್ದು ಒಂದು ಕತೆ ಮಾತ್ರ. ಗದ್ದೆ ಗೇಣಿಯದು, ಎತ್ತು ಅರೆಪಾಲಿನದು, ಮನೆ ನಿಂತ ಜಾಗವೂ ಒಡೆಯರದು. ಕತೆ ಏನೆಂದರೆ, ಅಜ್ಜ ಜಟ್ಟಗೌಡ ಹುಡುಗನಾಗಿದ್ದಾಗ ಹೊನ್ನಾವರದಲ್ಲಿ ಯಾರೋ ಪುಣ್ಯಾತ್ಮರು ಬಡವರ ಮಕ್ಕಳಿಗಾಗಿ ಒಂದು ಉದ್ಯೋಗ ಶಾಲೆ ತೆರೆದಿದ್ದರಂತೆ. ಬೆತ್ತ ಹೆಣೆಯುವುದು, ಚಾಪೆ ನೇಯುವುದು, ಹೊತ್ತು ಹೊತ್ತಿಗೆ ಗಂಜಿ, ಹೊತ್ತು ಹೊತ್ತಿಗೆ ಏಟು. ಒಡೆಯರು ಇವನನ್ನು ಅಲ್ಲಿ ಬಿಟ್ಟು ಬಂದರು. ಒಂಬತ್ತನೆಯ ದಿನ ಜಟ್ಟ ಕಾಲಿಗೆ ಬುದ್ಧಿ ಹೇಳಿದ. ಮನೆ ಇರುವುದು ಬಡಗಲಿಗೆ, ಪುಣ್ಯಾತ್ಮ ಓಡಿದ್ದು ತೆಂಕಲಿಗೆ. ತೆಂಗಿನಕಾಯಿ ಹೇರಿದ ದೋಣಿಯಲ್ಲಿ ಅಡಗಿ ಕೂತು ಶರಾವತಿ ದಾಟಿ, ನಡೆದು ನಡೆದು ಭಟ್ಕಳದ ಬಂದರು ಮುಟ್ಟಿ, ಅಲ್ಲಿ ಮೀನಿನವರ ಮನೆಯಲ್ಲಿ ಒಂದು ತಿಂಗಳು ಉಂಡು, ಕೊನೆಗೆ ಯಾವುದೋ ಹಾಯಿಯ ಮಚವೆ ಹತ್ತಿ ಊರ ಹತ್ತಿರದ ತದಡಿಯಲ್ಲಿ ಬಂದು ಇಳಿದನಂತೆ.

ಮುದುಕನಾದ ಮೇಲೂ ಅವನು ಈ ಕತೆಯನ್ನು ದಿನಾ ಸಂಜೆ ಜಗಲಿಯಲ್ಲಿ ಕೂತು ಹೇಳುತ್ತಿದ್ದ. ಹೇಳಿದ ಹಾಗೆಲ್ಲ ಭಟ್ಕಳದ ಬಂದರು ದೊಡ್ಡದಾಗುತ್ತ ಹೋಯಿತು, ಏಟುಗಳೂ ಹೆಚ್ಚುತ್ತ ಹೋದವು. ಶಾಲೆಗೆ ಹೋಗುವವನು ಪುಕ್ಕಲ, ತಪ್ಪಿಸಿಕೊಳ್ಳುವವನು ಗಂಡಸು ಅಂತ ಮನೆಮಂದಿಯೆಲ್ಲ ನಕ್ಕೂ ನಕ್ಕೂ ಒಪ್ಪಿಕೊಂಡುಬಿಟ್ಟಿದ್ದರು. ಬಡವರಿಗೂ ನಗಲಿಕ್ಕೆ ಏನಾದರೊಂದು ಬೇಕಲ್ಲ.

ಮಂಜಿ ಆ ಮನೆಯ ಹಿರಿ ಸೊಸೆ. ಅವಳಿಗೆ ಗಂಡು ಹುಟ್ಟಿದಾಗ ಮನೆಯ ಪದ್ಧತಿಯಂತೆ ಅಜ್ಜನ ಹೆಸರನ್ನೇ ಇಟ್ಟರು, ಜಟ್ಟ ಅಂತ. ಇಟ್ಟವರಿಗೇನು, ಸುಲಭ. ಗಂಡನ ಹೆಸರು, ಮಾವನ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಬದುಕಿದ್ದರೆ ಅವರ ಆಯುಸ್ಸಿಗೆ ಕುಂದು, ಸತ್ತಿದ್ದರೆ ಅವರ ನೆಮ್ಮದಿಗೆ ಕುಂದು. ಹೀಗಾಗಿ ಹೆತ್ತವಳಿಗೇ ಮಗನ ಹೆಸರು ಹೇಳುವ ಹಾಗಿರಲಿಲ್ಲ. ಅವಳು ಅವನನ್ನು ಸಣ್ಣಪ್ಪ ಅಂದಳು. ಎಲ್ಲಾದರೂ ಇಟ್ಟ ಹೆಸರನ್ನೇ ಹೇಳಬೇಕಾಗಿ ಬಂದರೆ ಪಕ್ಕದಲ್ಲಿ ಇದ್ದವರು ಹೇಳಿಕೊಡುತ್ತಿದ್ದರು. ಕೇರಿಯ ಹೆಂಗಸರದೆಲ್ಲ ಇದೇ ಕತೆಯಾದ್ದರಿಂದ ಇದೊಂದು ತೊಡಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಹುಡುಗನಿಗೆ ಆರು ತುಂಬಿದ ವರ್ಷ ಮಂಜಿಯ ಗಂಡ ಹಮ್ಮ ಚಳಿಜ್ವರದಲ್ಲಿ ಹೋದ. ಮಗನ ಹಿಂದೆಯೇ ಅಜ್ಜನೂ ಹೋದ. ಮನೆಯಲ್ಲಿ ಉಳಿದವರು ಮಂಜಿ, ಅವಳ ಸಣ್ಣಪ್ಪ, ಮೈದುನ ಚೌಡ, ಚೌಡನ ಹೆಂಡತಿ ಸೋಮಿ. ಅಜ್ಜನ ಹೆಸರಿನ ಜೊತೆಗೆ ಅಜ್ಜನ ಕಾಲೂ ಹುಡುಗನಿಗೆ ಬಂದಿತ್ತು. ಶಾಲೆಗೆ ಅಂತ ಹೊರಟವನು ಗಜನಿಯ ಕೋಡಿಯಲ್ಲಿ ಏಡಿ ಹಿಡಿಯುತ್ತ ಕೂತಿರುತ್ತಿದ್ದ. ಮಾಬ್ಲೇಶ್ವರ ಮಾಸ್ತರು ನಾಲ್ಕು ಜನ ದೊಡ್ಡ ಹುಡುಗರನ್ನು ಕಳಿಸಿ ಕೈಕಾಲು ಹಿಡಿದು ಹೊತ್ತು ತರಿಸುತ್ತಿದ್ದರು. ಹೊತ್ತು ತಂದವನನ್ನು ಇಳಿಸಿ ಹಾಜರಿ ಹಾಕುವುದರೊಳಗೆ ಅವನು ಕಿಟಕಿಯಿಂದ ಹಾರಿರುತ್ತಿದ್ದ.

ಒಂದು ದಿನ ಮಾಸ್ತರು ಗದ್ದೆಯ ತನಕ ಬಂದರು. "ಮಂಜಿ, ನಿನ್ನ ಮಗ ಈ ತಿಂಗಳು ಶಾಲೆಗೆ ಬಂದದ್ದು ನಾಕೇ ದಿನ."

"ಎಂತ ಮಾಡೂದು ಮಾಸ್ತರೆ, ಅವ್ನ ಅಜ್ಜನೂ ಹಾಂಗೇ ಇದ್ರು," ಅಂದಳು ಮಂಜಿ. ಅನ್ನುವಾಗ ಅವಳ ಮುಖದಲ್ಲಿ ನಗು ಇತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳಿದ್ದಾರೆಯೇ.

"ನಗಬೇಡ ಮಾರಾಯ್ತಿ. ಇದು ಅಜ್ಜನ ಕಾಲ ಅಲ್ಲ. ಈಗ ಹಿಡ್ದು ಒಯ್ದ್ರೆ ಬಿಡೂದಿಲ್ಲ."

ಮಾಸ್ತರು ಅತ್ತ ಹೋದ ಮೇಲೆ ಅವಳು ಸೋಮಿಗೆ ಈ ಮಾತು ಹೇಳಿ ಮತ್ತೊಮ್ಮೆ ನಕ್ಕಳು. ಆ ನಗುವನ್ನು ನೆನೆದು ಆಮೇಲೆ ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡದ್ದಿದೆ.

ಐವತ್ತೇಳನೆಯ ಇಸವಿ, ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ಪಾಟಿಚೀಲ ಹೆಗಲಿಗೆ ಹಾಕಿ ಹೋದ ಹತ್ತು ವರ್ಷದ ಹುಡುಗ ಸಂಜೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಚೌಡ ಗೋಕರ್ಣಕ್ಕೆ ಹೋಗಿ ನೋಡಿದ, ಅಂಕೋಲೆಗೆ ಹೋಗಿ ನೋಡಿದ, ಹೊಳೆಯ ದಡದ ಊರುಗಳನ್ನೆಲ್ಲ ತಿರುಗಿದ. ಭಟ್ಕಳ ಯಾರ ತಲೆಗೂ ಬರಲಿಲ್ಲ. ಅಜ್ಜನ ಕತೆಯನ್ನು ಆ ಮನೆಯವರೆಲ್ಲ ಕೇಳಿ ನಕ್ಕಿದ್ದರು. ಅದನ್ನು ಪೂರಾ ನಿಜ ಅಂತ ನಂಬಿದವನು ಹುಡುಗ ಒಬ್ಬನೇ. ಅವನಿಗೆ ಆ ಬಂದರು ನೋಡಬೇಕಿತ್ತು.

ಮೂರು ವಾರ ಕಳೆಯಿತು. ಅತ್ತರೆ ಹೊಟ್ಟೆ ತುಂಬುವುದಿಲ್ಲವಲ್ಲ, ಸಂತೆಯ ದಿನ ಮಂಜಿ ಬದನೆ, ಬಸಳೆಯ ಬುಟ್ಟಿ ಹೊತ್ತು, ಬೆಳಕು ಹರಿಯುವ ಮೊದಲೇ ಹೊರಟು, ಮಿರ್ಜಾನದಲ್ಲಿ ಹೊಳೆ ದಾಟಿ ಕುಮಟೆಗೆ ಬಂದಳು. ಚೌಡನಿಗೆ ಮೈ ಬಿಸಿ ಇತ್ತು, ಹಾಗಾಗಿ ಒಬ್ಬಳೇ. ಬುಟ್ಟಿ ಇಳಿಸಿದ್ದೇ ತಡ, ಪ್ರತಿ ಸಂತೆಯಲ್ಲೂ ಅವಳ ಪಕ್ಕದಲ್ಲಿ ಒಣಮೀನು ಹರವಿಕೊಂಡು ಕೂರುವ ತಿಮ್ಮಿ ಅವಳ ಕೈ ಹಿಡಿದುಕೊಂಡಳು.

"ಏ ಮಂಜಿ, ನಿನ್ನ ಮಗ ಸಿಕ್ನಾ?"

"ಇಲ್ಲೆ."

"ಹಂಗಾರೆ ಬ್ಯಾಗ ಓಡು. ಈಗ ಪೋಲೀಸ ಒಬ್ಬ ಮೂರು ಹುಡುಗ್ರನ್ನ ಕೋರ್ಟಿಗೆ ಕರ್ಕಂಡ್ ಹೋದ. ಒಂದು ನಿನ್ನ ಹುಡುಗನೇ. ಹೋದ ಸುಗ್ಗಿಲಿ ನಿನ್ನ ಸಂಗ್ತಿ ಬಂದಿದ್ನಲ್ಲಾ, ನಾ ಗುರ್ತು ಮರೆಯೂದಿಲ್ಲ."

ಮಂಜಿ ಬುಟ್ಟಿ ಅಲ್ಲೇ ಬಿಟ್ಟಳು. "ನೀನೂ ಬಾ" ಅಂದರೆ ತಿಮ್ಮಿ, "ಕೋರ್ಟಿನ ಮೆಟ್ಲು ಹತ್ತೂಕೆ ನಂಗೆ ಹೆದ್ರಿಕೆ ಮಾರಾಯ್ತಿ" ಅಂತ ಮೀನಿನ ಹಿಂದೆ ಕೂತುಬಿಟ್ಟಳು.

ಕೋರ್ಟಿನ ಮಗ್ಗುಲಿನ ಒಂದು ಕೋಣೆಯಲ್ಲಿ ಕಾರಕೂನನೊಬ್ಬ ಮೇಜಿನ ಮುಂದೆ ಕೂತಿದ್ದ. ಧಾರವಾಡದ ಕಡೆಯವನು, ಹೊಸದಾಗಿ ಈ ಕಡೆ ಬಂದವನು. ಅವನ ಹಿಂದೆ ಇನ್ನೊಂದು ಕೋಣೆ, ಅದರ ಬಾಗಿಲು ಅರ್ಧ ಎಳೆದಿತ್ತು, ಬಾಗಿಲಿಗೆ ಒಬ್ಬ ಪೋಲೀಸ ಒರಗಿ ನಿಂತಿದ್ದ. ಮಕ್ಕಳು ಆ ಒಳಕೋಣೆಯಲ್ಲಿದ್ದರು. ಭಟ್ಕಳದ ಬಂದರಿನಲ್ಲಿ ದೋಣಿಯೊಳಗೆ ಮಲಗಿದ್ದಾಗ ಸಿಕ್ಕಿದವರು. ಎರಡು ವಾರದಿಂದ ಯಾರೂ ಕೇಳಿಕೊಂಡು ಬಂದಿಲ್ಲ. ಮಧ್ಯಾಹ್ನದ ಬಸ್ಸಿಗೆ ಘಟ್ಟದ ಮೇಲಿನ ಉದ್ಯೋಗ ಶಾಲೆಗೆ ಸಾಗಿಸಬೇಕೆಂದು ಹುಕುಂ ಆಗಿದೆ. ಮಂಜಿಯ ಮಗ ಊರಿನ ಹೆಸರು ಬಾಯಿಬಿಟ್ಟಿರಲಿಲ್ಲ, ಹೇಳಿದರೆ ಮತ್ತೆ ಮಾಸ್ತರ ಹತ್ತಿರ ಎಳೆದುಕೊಂಡು ಹೋಗುತ್ತಾರೆಂಬ ಹೆದರಿಕೆ ಅವನಿಗೆ. ತನ್ನ ಹೆಸರು ಮಾತ್ರ ಹೇಳಿದ್ದ.

"ಏನವಾ, ಮಗನ ಹೆಸರೇನು?" ಅಂತ ಕೇಳಿದ ಕಾರಕೂನ.

"ಸಣ್ಣಪ್ಪ."

ಅವನು ಕಾಗದ ನೋಡಿದ. "ಸಣ್ಣಪ್ಪ ಅನ್ನೋ ಹುಡುಗ ಇಲ್ಲಿ ಯಾರೂ ಇಲ್ಲ."

"ಅದು ನಾ ಕರೂದು ಸಾಯ್ಬರೆ. ಇಟ್ಟ ಹೆಸ್ರು ಬ್ಯಾರೆ ಇದೆ."

"ಇಟ್ಟ ಹೆಸರು ಹೇಳು ಮತ್ತ."

ಮಂಜಿ ಸುತ್ತ ನೋಡಿದಳು. ಹೇಳಿಕೊಡುವವರು ಯಾರೂ ಇರಲಿಲ್ಲ. "ಅದು ನಮ್ಮ ಮಾವನ ಹೆಸ್ರು," ಅಂದಳು.

"ಆತು. ನಿಮ್ಮ ಮಾವನ ಹೆಸರೇನು?"

ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ನೀವು ಒಂದೊಂದೇ ಹೆಸ್ರು ಓದ್ತಾ ಹೋಗಿ. ಬಂದಾಗ ನಾ ಹೂಂ ಅಂತೆ," ಅಂದಳು. ಊರಿನಲ್ಲಿ ಹೀಗೆಯೇ ನಡೆಯುತ್ತಿತ್ತು, ಅವಳ ಪಾಲಿಗೆ ಇದರಲ್ಲಿ ಅಪ್ಪಟ ನ್ಯಾಯವೇ ಇತ್ತು.

ಕಾರಕೂನ ಕೆಟ್ಟವನೇನೂ ಅಲ್ಲ. ಅವನಿಗೂ ಒಂದು ಪಾಠ ಆಗಿತ್ತು. "ನಾ ಹೇಳೂದು, ನೀ ಹೂಂ ಅನ್ನೂದು. ಹೋದ ತಿಂಗಳು ಒಬ್ಬಾಕಿ ಹಿಂಗ ಹೂಂ ಅಂದು ಒಂದು ಹುಡುಗನ್ನ ಕರ್ಕೊಂಡು ಹೋಗಿ ಖಾನಾವಳ್ಯಾಗ ತಾಟು ತೊಳ್ಯಾಕ ಬಿಟ್ಟಳು. ನನ್ನ ನೌಕರಿ ಹೋಗೂದಿತ್ತು."

"ಒಂದ್ಸಲ ಮುಖ ತೋರ್ಸಿ. ಅವ್ನನ್ನೇ ಕೇಳಿ."

"ಇಲ್ಲಿಂದ ಪಾರಾಗಾಕ ಈ ಹುಡುಗರು ಹಿಡಿಂಬಿ ಬಂದ್ರೂ ಅವ್ವ ಅಂತಾವ. ನೀ ಹೆಸರು ಹೇಳು, ಹುಡುಗ ಹೊರಗ ಬರ್ತಾನ. ಇಷ್ಟ ಕೆಲಸ."

ಇಷ್ಟೇ ಕೆಲಸ. ಎರಡಕ್ಷರ. ಮಂಜಿ ಬಾಯಿ ತೆರೆದಳು. ನಾಲಿಗೆಯ ತುದಿಯ ತನಕ ಬಂತು. ಮಗ ಹುಟ್ಟಿದ ವರ್ಷ ಅವಳಿಗೆ ಹಾಲುಬಾವು ಬಂದು ನರಳುವಾಗ ಅರ್ಧ ರಾತ್ರಿಯಲ್ಲಿ ಹೊಳೆ ದಾಟಿ ಮದ್ದು ತಂದವನು ಆ ಮಾವ. ಸಾಯುವಾಗ ಅವಳ ಕೈಯ ನೀರನ್ನೇ ಕೇಳಿ ಕುಡಿದವನು. ಅವನನ್ನು ಕಚೇರಿಯಲ್ಲಿ, ಗಂಡಸರ ಮುಂದೆ, ಹೆಸರು ಹಿಡಿದು ಎಳೆದು ತರುವುದೇ? ಹದಿಮೂರು ವರ್ಷ ಹೇಳದೆ ಇದ್ದ ಹೆಸರು ಅದು. ಅವಳು ತೆರೆದ ಬಾಯಿ ಮುಚ್ಚಿದಳು.

"ಸಾಯ್ಬರೆ, ನಮ್ಮ ಮೈದ್ನನ್ನ ಕರ್ಕಂಡ್ ಬತ್ತೆ. ಅವ ಹೇಳ್ತಾ. ಅಲ್ಲೀವರೆಗೆ ಇಟ್ಕಳಿ, ನಿಮ್ಮ ಕಾಲು ಹಿಡ್ಕಂತೆ."

"ಬಸ್ಸು ಹನ್ನೆರಡೂವರೆಕ್ಕ ಐತವಾ," ಅಂದ ಅವನು. ಅವಳು ಅಷ್ಟರಲ್ಲೇ ಮೆಟ್ಟಿಲು ಇಳಿದು ಓಡಿದ್ದಳು.

ಓಡಿದಳು ಅಂದರೆ ಓಡಿದಳು. ದೋಣಿಯವನು ಊಟಕ್ಕೆ ಕೂತಿದ್ದ, ಅವನನ್ನು ಬೈದು ಎಬ್ಬಿಸಿದಳು. ಜ್ವರದಲ್ಲಿ ಮಲಗಿದ್ದ ಚೌಡನನ್ನು ಕಂಬಳಿ ಸಮೇತ ಎಳೆದು ತಂದಳು. ಅವರು ಕುಮಟೆ ಮುಟ್ಟುವಾಗ ಹೊತ್ತು ಕಂತಲಿಕ್ಕೆ ಆಗಿತ್ತು, ಕಾರಕೂನ ಕೋಣೆಗೆ ಬೀಗ ಹಾಕುತ್ತಿದ್ದ. "ಜಟ್ಟ. ಜಟ್ಟ ಹಮ್ಮ ಗೌಡ," ಅಂದ ಚೌಡ ಏದುಸಿರು ಬಿಡುತ್ತ. ಅವನಿಗೇನು, ಅಪ್ಪನ ಹೆಸರು, ಸಲೀಸಾಗಿ ಬಂತು.

ಕಾರಕೂನ ಬೀಗದ ಕೈಯನ್ನು ಕೈಯಲ್ಲೇ ಹಿಡಿದು ನಿಂತ. "ಇದನ್ನ ಮುಂಜಾನೆ ಅಂದಿದ್ರ ಆಗಿಹೋಗ್ತಿತ್ತಲ್ಲೋ ತಮ್ಮಾ," ಅಂದ. ಹುಡುಗ ಹೋಗಿಯಾಗಿತ್ತು. ಹದಿನೆಂಟು ತುಂಬುವ ತನಕ ಅಲ್ಲಿಯೇ ಅಂತ ಹುಕುಂ ಬರೆದಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದ ಮಾತಿನಿಂದ ಏನೇನು ಹೋಗುತ್ತದೆ ಅಂತ ಹೇಳಿದವರು ಯಾರೂ ಇಲ್ಲ. ಹೊಳೆ ದಾಟುವಾಗ ಚೌಡ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಊರಿನಲ್ಲೂ ಯಾರೂ ಅವಳನ್ನು ಬೈಯಲಿಲ್ಲ, "ಮಾವನ ಹೆಸ್ರು ಹ್ಯಾಂಗೆ ಹೇಳೂದಾಗ್ತದೆ, ಪಾಪ" ಅಂತ ಕೇರಿಯೇ ಅವಳ ಕಡೆ ನಿಂತಿತು. ಅವಳಿಗೆ ಮಾತ್ರ ತಾನು ತನ್ನ ಕಡೆ ನಿಲ್ಲಲಿಕ್ಕಾಗಲಿಲ್ಲ.

ಮಾಬ್ಲೇಶ್ವರ ಮಾಸ್ತರು ಅರ್ಜಿ ಬರೆದುಕೊಟ್ಟರು. ಒಂದಲ್ಲ, ನಾಲ್ಕು. ಉತ್ತರ ಬರಲಿಲ್ಲ. ಐವತ್ತೊಂಬತ್ತರ ಬೇಸಿಗೆಯಲ್ಲಿ ಮಂಜಿ ಸಾಕಿದ ಕೋಳಿಗಳನ್ನೆಲ್ಲ ಮಾರಿ, ಚೌಡನನ್ನು ಕರೆದುಕೊಂಡು ಘಟ್ಟ ಹತ್ತಿದಳು. ಅಲ್ಲಿಯವರೆಗೆ ಅವಳು ಕುಮಟೆಯ ಆಚೆ ಹೋದವಳಲ್ಲ. ಬಸ್ಸು ಮೇಲೆ ಹತ್ತಿದ ಹಾಗೆ ಗಾಳಿ ಒಣಗುತ್ತ ಹೋಯಿತು, ಮಣ್ಣು ಕಪ್ಪಾಯಿತು, ಜನ ಆಡುವ ಮಾತೂ ಬೇರೆಯಾಯಿತು. ತನ್ನ ಮಗ ಎರಡು ವರ್ಷದಿಂದ ಇಂಥ ಕಡೆ, ಸಮುದ್ರದ ವಾಸನೆಯಿಲ್ಲದ ಕಡೆ ಇದ್ದಾನೆ ಅಂತ ಅವಳು ಕಿಟಕಿಯಿಂದ ಆಚೆ ನೋಡುತ್ತಲೇ ಇದ್ದಳು.

ಊರ ಹೊರಗಿನ ಒಂದು ಎತ್ತರದ ಗೋಡೆ, ಅದಕ್ಕೊಂದು ಕಬ್ಬಿಣದ ಗೇಟು. ಒಳಗೆ ನೇಯುವ ಮಗ್ಗಗಳು ಕಟಕಟ ಅನ್ನುತ್ತಿದ್ದವು, ಗೇಟಿನವನ ಮಾತು ಕೇಳಬೇಕಾದರೆ ಕಿವಿಗೆ ಕೈ ಹಿಡಿಯಬೇಕಾಗಿತ್ತು. ಚೌಡ ಹೆಸರು ಹೇಳಿದ. ಗೇಟಿನವನು ಒಳಗೆ ಹೋಗಿ, ತುಂಬಾ ಹೊತ್ತು ಬಿಟ್ಟು ಬಂದ.

"ಆ ಹುಡುಗಗ ತಾಯಿ ಇಲ್ಲ," ಅಂದ.

"ಇವ್ಳೇ ತಾಯಿ," ಅಂದ ಚೌಡ.

"ದಫ್ತರದಾಗ ಇಲ್ಲ ಅಂತ ಬರದೈತಿ. ಸಾಹೇಬ್ರು ಬಿಡೂದಿಲ್ಲ ಅಂದ್ರು."

ಕುಮಟೆಯಲ್ಲಿ ಬರೆದ ತಪ್ಪೇ ಇಲ್ಲಿಯ ತನಕ ಬಂದಿದೆ ಅಂತ ಮಂಜಿ ತಿಳಿದಳು. ಅವಳು ಚೌಡನನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಯಲ್ಲಿ ಗೇಟು ಹಿಡಿದು, "ಜಟ್ಟಾ" ಅಂತ ಕೂಗಿದಳು. ಚೌಡ ಬೆಚ್ಚಿಬಿದ್ದ. ತನ್ನ ಅಪ್ಪನ ಹೆಸರು ಅತ್ತಿಗೆಯ ಬಾಯಲ್ಲಿ ಬರುವುದನ್ನು ಕೇಳಲಾರದೆ ಮುಖ ಆಚೆ ತಿರುಗಿಸಿದ. ಅವಳು ಮತ್ತೆ ಕೂಗಿದಳು. ಮೂರನೆಯ ಸಲ ಕೂಗುವಾಗ ಗಂಟಲು ಹರಿದು ಸ್ವರವೇ ಹೊರಡಲಿಲ್ಲ. ಒಳಗಿನಿಂದ ಯಾರೂ ಓಗೊಡಲಿಲ್ಲ, ಯಾರೂ ಬರಲಿಲ್ಲ. ಗೇಟಿನವನು, "ಹೋಗ್ರವಾ, ಯಾಕ ಸುಮ್ಮ ಒದರ್ತೀರಿ," ಅಂತ ಮೆಲ್ಲಗೆ ಅವಳ ಬೆರಳುಗಳನ್ನು ಕಂಬಿಯಿಂದ ಬಿಡಿಸಿದ.

ಬಸ್ಸಿನಲ್ಲಿ ಅವಳು ಒಂದೇ ಮಾತು ಆಡಿದಳು. "ಮಗ್ಗದ ಸದ್ದು ಜೋರಿತ್ತು."

"ಹೌದು ಅತ್ಗೆ," ಅಂದ ಚೌಡ.

"ಆ ಸದ್ದಿನಲ್ಲಿ ಯಾರಿಗೂ ಕೇಳೂದಿಲ್ಲ."

"ಹ್ಯಾಂಗೆ ಕೇಳ್ತದೆ? ಬಗಲಲ್ಲಿ ನಿಂತ್ರೂ ಕೇಳ್ತಿರ್ಲಿಲ್ಲ."

ಈ ಒಂದು ಮಾತಿನ ಮೇಲೆ ಮಂಜಿ ಏಳು ವರ್ಷ ಕಳೆದಳು. ಮತ್ತೊಮ್ಮೆ ಘಟ್ಟ ಹತ್ತಬೇಕೆಂದು ಎರಡು ಸಲ ಬಟ್ಟೆಗಂಟು ಕಟ್ಟಿದ್ದಳು. ಹೋದರೂ ಬಿಡುವುದಿಲ್ಲ, ಕೂಗಿದರೂ ಕೇಳುವುದಿಲ್ಲ ಅಂತ ಬಿಚ್ಚಿಟ್ಟಳು. ಹಿರಿಯರಿಗೆ ಎಡೆ ಇಡುವ ದಿನ ಒಂದು ಕಾಯಿ ಹೆಚ್ಚಿಗೆ ಒಡೆದು, ಹೆಸರು ಹೇಳಿದ ತಪ್ಪನ್ನು ಮಾವನ ಹತ್ತಿರ ಒಪ್ಪಿಸಿಕೊಂಡಳು. ಹೇಳಬೇಕಾದಾಗ ಹೇಳದ ತಪ್ಪನ್ನು ಯಾವ ದೇವರಿಗೆ ಒಪ್ಪಿಸಬೇಕು ಅಂತ ಅವಳಿಗೆ ತಿಳಿಯಲಿಲ್ಲ.

ಚೌಡನಿಗೆ ಮಕ್ಕಳಾದವು. ಮನೆ ತುಂಬ ಗಲಾಟೆ. ಆ ಗಲಾಟೆಯ ನಡುವೆ ಅವಳಿಗೆ ಒಂಟಿತನ ಹೆಚ್ಚೇ ಆಯಿತು. ಮೊದಲು ನೆಟ್ಟಿಯ ದಿನಗಳಲ್ಲಿ ಗದ್ದೆಯಲ್ಲಿ ಹಾಡು ಎತ್ತುತ್ತಿದ್ದವಳು ಅವಳೇ. ಉಳಿದ ಹೆಂಗಸರು ಹಿಂದೆ ಸೊಲ್ಲು ಕೂಡಿಸುತ್ತಿದ್ದರು. ಈಗ ಅವಳು ಸಾಲಿನ ಕೊನೆಗೆ ನಿಂತು ಬಗ್ಗಿ ನೆಡುತ್ತಿದ್ದಳು, ಯಾರು ಏನು ಹಾಡಿದರೂ ಬಾಯಿ ಬಿಡುತ್ತಿರಲಿಲ್ಲ. "ಹಾಡೇ ಮಂಜಿ" ಅಂತ ಮೊದಮೊದಲು ಕರೆದರು. ಆಮೇಲೆ ಅವಳಿಗೆ ಹಾಡು ಬರುತ್ತಿತ್ತು ಅನ್ನುವುದನ್ನೇ ಮರೆತರು.

ಮಗನಿಗೆ ಹದಿನೆಂಟು ತುಂಬಿದ ವರ್ಷ ಅವಳು ದಿನಾ ಬಸ್ಸಿನ ಹೊತ್ತಿಗೆ ರಸ್ತೆಗೆ ಬಂದು ನಿಂತಳು. ಒಂದು ಮಳೆಗಾಲ ಹೋಯಿತು, ಬಸ್ಸುಗಳು ಬಂದವು, ಅವನು ಬರಲಿಲ್ಲ. ಅರವತ್ತಾರರ ಚೈತ್ರದಲ್ಲಿ ಚೌಡ ಈರುಳ್ಳಿ ಲಾರಿಯ ಜೊತೆ ಭಟ್ಕಳಕ್ಕೆ ಹೋದವನು ತಿರುಗಿ ಬಂದು, ಹೆಗಲ ಮೇಲಿನ ವಸ್ತ್ರವನ್ನೂ ತೆಗೆಯದೆ ಅವಳ ಮುಂದೆ ನಿಂತ.

"ಅತ್ಗೆ, ಹುಡುಗ ಭಟ್ಕಳದಲ್ಲಿದ್ದಾ. ಒಬ್ಬ ಸಾಹೇಬರ ಮನೆ ಕಟ್ತಾ ಇದ್ರು, ಅಲ್ಲಿ ಬಡಗಿ ಕೆಲಸ. ಅಪ್ಪನ ಮುಖ ಹೊಡ್ದಿಟ್ಟ ಹಾಂಗಿದೆ. ನಾ ಮಾತಾಡ್ಸಿದೆ. ನೀವು ಯಾ ಊರವ್ರು ಅಂತ ಕೇಳ್ದಾ."

"ಗುರ್ತು ಸಿಕ್ಕಿಲ್ಲಾ?"

ಚೌಡ ನೆಲ ನೋಡಿದ. "ಸಿಕ್ತು," ಅಂದ. "ಸಿಕ್ಕಿದ ಮೇಲೂ ಹಾಂಗೇ ಕೇಳ್ದಾ."

ಮಂಜಿ ಮರುದಿನವೇ ಹೊರಟಳು. ಚೌಡ ಜೊತೆಗೆ ಬರುತ್ತೇನೆಂದರೆ ಬೇಡವೆಂದಳು. ಕುಮಟೆ ದಾಟಿತು. ಹೊನ್ನಾವರದಲ್ಲಿ ಬಸ್ಸಿಳಿದು, ಹೊಳೆ ದಾಟಿ, ಆಚೆ ದಡದಲ್ಲಿ ಮತ್ತೊಂದು ಬಸ್ಸು ಹತ್ತಿದಳು. ಹತ್ತು ವರ್ಷದ ಹುಡುಗ ಇಷ್ಟು ದೂರ ಒಬ್ಬನೇ ಬಂದನಲ್ಲ ಅಂತ ಅವಳಿಗೆ ಈಗ ಸೋಜಿಗವಾಯಿತು, ಹೆಮ್ಮೆಯೂ ಆಯಿತು. ಅವನನ್ನು ಹೇಗಾದರೂ ಮನೆಗೆ ಕರೆದುಕೊಂಡು ಬರಬೇಕು. ಬೈದರೂ ಸರಿ, ಹೊಡೆದರೂ ಸರಿ, ಮನೆಗೆ ಬಂದರೆ ಸಾಕು. ಬೇರೆ ಯಾವುದೂ ಅವಳಿಗೆ ಬೇಕಿರಲಿಲ್ಲ.

ಕಟ್ಟುತ್ತಿದ್ದ ಮನೆಯ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರದ ಕೆಳಗೆ ಅವನು ಬಾಗಿಲಿನ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಚೌಡ ಹೇಳಿದ್ದು ನಿಜ, ಮಾವನದೇ ಮುಖ. ಅವಳು ಚಪ್ಪರದ ಕಂಬ ಹಿಡಿದು ನಿಂತಳು. ಅವನು ತಲೆಯೆತ್ತಿ ನೋಡಿದ. ಕತ್ತಿನ ತುಂಬ ಮಣಿಸರ ಹಾಕಿದ, ಕೂದಲು ಅರೆ ನೆರೆತ ಹೆಂಗಸು ಯಾರು ಅಂತ ಅವನಿಗೆ ಆ ಕ್ಷಣವೇ ತಿಳಿಯಿತು. ತಿಳಿದದ್ದು ಅವಳಿಗೂ ಕಂಡಿತು. ಅವನು ಒಂದು ಹಲಗೆಯ ಮೇಲಿನ ಹೊಟ್ಟು ಝಾಡಿಸಿದ.

"ಕುಂದರ್ರಿ," ಅಂದ.

ಕುಮಟೆಯ ಕಾರಕೂನನ ಆ ಘಟ್ಟದ ಮೇಲಿನ ಮಾತೇ ಅವನ ಬಾಯಲ್ಲಿತ್ತು. ಮಂಜಿ ಕೂತಳು. ಅವನು ಒಂದು ತಂಬಿಗೆ ನೀರು ತಂದು ಎದುರಿಗಿಟ್ಟು, ತಾನೂ ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳು ತಂಬಿಗೆ ಕೈಗೆತ್ತಿಕೊಂಡಳು. ಬಸ್ಸಿನಲ್ಲಿ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಎಲ್ಲ ಬಿಟ್ಟು ನೆಟ್ಟಗೆ ಮಾತಿಗೆ ಬಂದಳು.

"ಕುಮಟೆಲಿ ನಾ ಹೆಸ್ರು ಹೇಳ್ಲಿಲ್ಲ."

"ಗೊತ್ತೈತ್ರಿ. ನಾ ಬಾಗಲದ ಹಿಂದ ಇದ್ದೆ."

"ಕೇಳ್ತಿತ್ತಾ?"

"ಎಲ್ಲಾ ಕೇಳ್ತಿತ್ತು. ಹೆಸರು ಕೂಗಿದ ಕೂಡ್ಲೆ ಹೊರಗ ಹೋಗು ಅಂತ ಪೋಲೀಸ ಹೇಳಿದ್ದ. ನಾ ಎದ್ದ ನಿಂತಿದ್ದೆ." ಅವನು ಉಜ್ಜುಗೊರಡಿನ ಬಾಯಿಗೆ ಸಿಕ್ಕಿದ್ದ ಸಿಬಿರನ್ನು ಉಗುರಿನಿಂದ ತೆಗೆದ. "ನಮ್ಮ ಮನ್ಯಾಗ ಆ ಹೆಸರು ನೀವು ಹೇಳೂದಿಲ್ಲ ಅಂತ ನನಗೂ ಗೊತ್ತಿತ್ತು. ಅದೊಂದು ದಿನ ಹೇಳ್ತೀರಿ ಅನ್ಕೊಂಡಿದ್ದೆ."

ಮಂಜಿ ಅಳಲಿಲ್ಲ. ಅಳುವುದಕ್ಕೆ ಬಂದವಳಲ್ಲ ಅವಳು. "ಆಮೇಲೆ ಹೇಳ್ದೆ ಮಗಾ," ಅಂದಳು. "ಘಟ್ಟದ ಮೇಲೆ ಬಂದಿದ್ದೆ. ನಿಮ್ಮ ಶಾಲೆ ಗೇಟಲ್ಲಿ ನಿಂತು ಕೂಗ್ದೆ. ಒಂದಲ್ಲ, ಮೂರ್ ಸಲ. ನಿಂಗೆ ಕೇಳ್ಲಿಲ್ಲ. ಮಗ್ಗದ ಸದ್ದು ಹಾಂಗಿತ್ತು."

ಒಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು, ಅದು ನಿಲ್ಲುವ ತನಕ ಅವನು ಕಾದ.

"ಕೇಳಿಸಿತ್ರಿ," ಅಂದ.

"ಎಂತ?"

"ನೀವು ಕೂಗಿದ್ದು. ಸಾಹೇಬ್ರು ನನ್ನ ಕಿಡಿಕಿ ಹಂತೇಕ ಕರ್ಕೊಂಡು ಹೋಗಿ, ನನಗ ಕೇಳ್ಲಿ ಅಂತ ನಮ್ಮ ಕೋಣ್ಯಾಗಿನ ಮಗ್ಗ ನಿಂದರ್ಸಿದ್ರು. ಕಿಡಿಕಿಯಿಂದ ನಿಮ್ಮ ಸೆರಗು ಕಾಣ್ತಿತ್ತು. ಅವ್ವ ಇಲ್ಲ ಅಂತ ಮೊದಲ ನಾನ ಬರಸಿದ್ದೆ. ಈಕಿ ನಿಮ್ಮ ಅವ್ವ ಏನು ಅಂತ ಕೇಳಿದ್ರು. ಅಲ್ಲ ಅಂದೆ."

ಮಂಜಿಗೆ ಕೈಯಲ್ಲಿದ್ದ ತಂಬಿಗೆಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಏಳು ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದ ಒಂದು ಸಮಾಧಾನ ಇತ್ತು. ಅದನ್ನು ಅವನು ಎಷ್ಟು ಮೆಲ್ಲಗೆ ಎತ್ತಿ ಆಚೆ ಇಟ್ಟುಬಿಟ್ಟ. ತಾಯಿ ಇಲ್ಲ ಅಂತ ಬರೆಸಿದವನು ಕಾರಕೂನ ಅಲ್ಲ, ಇವನೇ.

"ಯಾಕಾ ಹಾಂಗಂದೆ?"

"ಸಿಟ್ಟಿತ್ತು. ಹನ್ನೆರಡ ವರ್ಷದಾಂವ, ಎಷ್ಟ ಬುದ್ಧಿ ಇರ್ತೈತಿ." ಅವನು ಈಗ ಅವಳನ್ನು ನೋಡುತ್ತಿರಲಿಲ್ಲ. "ಮತ್ತ ಬರ್ತೀರಿ ಅನ್ಕೊಂಡೆ. ಇನ್ನೊಂದ ಸಲ ಬಂದು ಕೂಗಿದ್ರ ಹೂಂ ಅಂತಿದ್ದೆ. ಐತವಾರ ಐತವಾರ ಆ ಕಿಡಿಕಿ ಹಂತೇಕ ನಿಂದರ್ತಿದ್ದೆ. ಎರಡ ವರ್ಷ ನಿಂತೆ. ಆಮ್ಯಾಲೆ ಬಿಟ್ಟೆ."

ಅವಳು ಕಟ್ಟಿ ಬಿಚ್ಚಿದ ಎರಡು ಗಂಟುಗಳ ಸಂಗತಿ ಹೇಳಲಿಕ್ಕೆ ಹೋಗಲಿಲ್ಲ. ಹೇಳಿ ಏನು ಮಾಡುವುದು. ಅವನು ಕಿಟಕಿಯಲ್ಲಿ ನಿಂತದ್ದು ನಿಜ, ಅವಳು ಹೋಗದೆ ಇದ್ದದ್ದೂ ನಿಜ.

"ಮನೀಗೆ ಬಾ ಮಗಾ," ಅಂದಳು.

"ಇಲ್ಲಿ ಕೆಲಸ ಐತ್ರಿ."

"ಕೆಲಸ ಮುಗ್ಸಿ ಬಾ. ಮಳೆ ಹಿಡಿಯೂದ್ರೊಳಗೆ ಬಾ."

"ಇದು ಆದ ಮ್ಯಾಲೆ ಇನ್ನೊಂದು ಮನಿ ಐತಿ. ಆಗೂದಿಲ್ರಿ."

ಬರುವುದಿಲ್ಲ ಅಂತ ಅವನು ಅನ್ನಲಿಲ್ಲ, ಸಿಟ್ಟೂ ಮಾಡಲಿಲ್ಲ. ಒಂದು ಬಾಗಿಲಿನ ಅಳತೆ ಹೇಳುವಷ್ಟು ಶಾಂತವಾಗಿ ಹೇಳಿದ. ಆಗ ಮಂಜಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಸಿಟ್ಟಿದ್ದರೆ ಇಳಿಯುವ ತನಕ ಕಾಯಬಹುದಿತ್ತು.

ಅವಳು ಮುಂದಕ್ಕೆ ಸರಿದು, ದನಿ ತಗ್ಗಿಸಿ, "ಈಗ ಕೂಗ್ಲಾ?" ಅಂತ ಕೇಳಿದಳು.

ಅವನ ಮುಖ ಒಂದು ಗಳಿಗೆ ಸಡಿಲವಾದ ಹಾಗೆ ಕಂಡಿತು. ಅವನು ಆಚೀಚೆ ನೋಡಿದ. ಅಂಗಳದಲ್ಲಿ ಕಲ್ಲು ಹೊರುವವರಿದ್ದರು, ಗಾರೆ ಕಲಸುವವರಿದ್ದರು.

"ಬ್ಯಾಡ್ರಿ," ಅಂದ. "ಮಂದಿ ಅದಾರ."

ಅಷ್ಟರಲ್ಲಿ ಮನೆಯ ಒಳಗಿನಿಂದ ಹಿರಿಯ ಬಡಗಿ ಮಾದೇವ ಆಚಾರಿಯ ದನಿ ಕೇಳಿಸಿತು. "ಏ ಜಟ್ಟಾ, ಆ ಸಣ್ಣ ಉಳಿ ಹಿಡ್ಕಂಡ್ ಬಾರಾ."

"ಬಂದೆ," ಅಂತ ಅವನು ಎದ್ದು ಒಳಗೆ ಹೋದ. ಎರಡನೆಯ ಸಲ ಕೂಗಬೇಕಾಗಲಿಲ್ಲ.